ನಾಕನೇ ಜ್ವರಕ್ಕೆ ನಾನು ಊರಲ್ಲಿರಲಿಲ್ಲ

ಆಗ ನನಗೆ ಅರವತ್ತಾರು. ಈಗ ಅದಕ್ಕೆ ಮೂರು ವರ್ಷ ಆಯಿತು. ಉಜ್ಬೇಕಿಸ್ತಾನ ಅನ್ನೋ ದೇಶಕ್ಕೆ ಹೋಗಿ ಬಂದೆ. ಆ ಹೆಸರು ಸರಿಯಾಗಿ ನಾಲಿಗೆಗೆ ಕೂರೋ ಹೊತ್ತಿಗೆ ವಾಪಸ್ ಬಂದಾಗಿತ್ತು.

ಕಲ್ಯ

ನಮ್ಮೂರು ಮಾಗಡಿ ತಾಲ್ಲೂಕಿನ ಕಲ್ಯ. ನನ್ನ ಹೆಸರು ಚಿಕ್ಕತಾಯಮ್ಮ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ನಲವತ್ತು ವರ್ಷದಿಂದ ರೇಷ್ಮೆ ಹುಳ ಸಾಕ್ತಾ ಇದ್ದೀನಿ. ಮನೆ ಹಿಂದೆ ಹುಳಕ್ಕೇ ಅಂತ ಬೇರೆ ಮನೆ ಐತೆ. ಆ ಹುಳುಮನೆ ಬಿಟ್ಟು ನಾನು ಕಂಡಿದ್ದು ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟು, ಒಂದು ಸಲ ಧರ್ಮಸ್ಥಳ. ಅಷ್ಟೇ. ಅದರಾಚೆ ಏನೈತೆ ಅಂತ ನೋಡೋ ಆಸೆಯೂ ಇರಲಿಲ್ಲ.

ಹುಳುಮನೆಗೆ ನನ್ನ ಕಾನೂನುಗಳಿದ್ದವು. ತಲೆಗೆ ಎಣ್ಣೆ ಹಾಕಿಕೊಂಡವರು ಬರಬಾರದು. ಹೊಗೆಸೊಪ್ಪು ಹಾಕೋರು ಬರಬಾರದು. ಸೂತಕದವರು ಹೊಸ್ತಿಲು ತುಳಿಯಬಾರದು. ಹುಳ ನೋಡಿ ಚೆನ್ನಾಗಿವೆ ಅಂತ ಬಾಯಿಬಿಟ್ಟು ಅನ್ನಬಾರದು, ದೃಷ್ಟಿ ಆಗ್ತದೆ. ನನ್ನ ಮಗ ಹಾಲಿನ ವ್ಯಾನ್ ಓಡಿಸ್ತಾನೆ, ಮೈಯೆಲ್ಲ ಡೀಸೆಲ್ ವಾಸನೆ. ಅವನೂ ಬರಬಾರದು. ಕೊನೇ ಕಾನೂನು ಸೊಸೆ ಸವಿತಾಗೆ ಮಾತ್ರ. ಅವಳು ಯಾವತ್ತೂ ಬರಬಾರದು.

ಅದಕ್ಕೆ ಕಾರಣ ಇತ್ತು. ಮದುವೆಯಾಗಿ ಬಂದ ಮೊದಲನೇ ವರ್ಷ ಅವಳು ಹುಳುಮನೆ ಒಳಗೆ ಸೊಳ್ಳೆಬತ್ತಿ ಹಚ್ಚಿಟ್ಟಳು. ಬೆಳಿಗ್ಗೆ ಎದ್ದು ನೋಡಿದರೆ ಹುಳ ಹಸಿರು ನೀರು ಕಕ್ಕಿಕೊಂಡು ಬಿದ್ದಿದ್ದವು. ಬುಟ್ಟಿಗಟ್ಟಲೆ ತಿಪ್ಪೆಗೆ ಸುರಿದೆ. ಬಾಯಿಗೆ ಬಂದದ್ದು ಬೈದೆ. ಅವತ್ತು ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿದವಳು ಏಳು ವರ್ಷ ಬಿಚ್ಚಲಿಲ್ಲ. ಅವಳು ತೋಟದಿಂದ ಹಿಪ್ಪುನೇರಳೆ ಸೊಪ್ಪು ಕುಯ್ದು ತಂದು ಬಾಗಿಲ ಹೊರಗೆ ಹಾಕೋಳು, ನಾನು ಒಳಗೆ ಎಳೆದುಕೊಳ್ಳೋಳು. ಹಂಗೇ ನಡೆದಿತ್ತು.

ಹೋಗೋ ಹಂಗಾಗಿದ್ದು ನನ್ನ ಬಾಯಿಂದಲೇ. ರೇಷ್ಮೆ ಸಾಕೋ ಹೆಂಗಸರನ್ನ ಬೇರೆ ದೇಶದ ರೇಷ್ಮೆ ಸಾಕೋರ ಮನೆಯಲ್ಲಿ ಕೆಲವು ದಿನ ಇರಿಸೋ ಒಂದು ಸಂಘದವರು ರಾಮನಗರದಲ್ಲಿ ಮೀಟಿಂಗ್ ಕರೆದಿದ್ದರು. ಅಲ್ಲಿ ನಾನು, "ನನ್ನಂಗೆ ಹುಳ ಸಾಕೋರು ಈ ಭೂಮಿ ಮೇಲೆ ಇದ್ರೆ ತೋರ್ಸಿ" ಅಂದುಬುಟ್ಟೆ. ಆ ಸಂಘದ ಹುಡುಗಿ ಸುಮ್ಮನಿರಬೇಕಲ್ಲ. "ಹಂಗಾದ್ರೆ ನೀವೇ ಹೋಗಿ ಹುಡ್ಕಿ ಬನ್ನಿ ಅಜ್ಜಿ" ಅಂದಳು. ಎಲ್ಲರೂ ನಕ್ಕರು. ಆ ನಗು ತಡೆಯಕ್ಕಾಗದೆ ಹೂಂ ಅಂದೆ.

ಹೊರಡೋ ದಿನ ಎರಡು ಸಲ ಮುಂದಕ್ಕೆ ಹೋಯಿತು. ಕೊನೆಗೆ ಹೊರಡೋ ಹೊತ್ತಿಗೆ ಮನೇಲಿ ಹುಳ ಮೂರನೇ ಜ್ವರ ಎದ್ದಿದ್ದವು. ಗೊತ್ತಿಲ್ಲದವರಿಗೆ ಹೇಳ್ತೀನಿ. ರೇಷ್ಮೆ ಹುಳ ಬೆಳೀತಾ ನಾಲ್ಕು ಸಲ ಚರ್ಮ ಬಿಡ್ತದೆ. ಬಿಡೋ ಮುಂಚೆ ಒಂದು ದಿನ, ಒಂದೂವರೆ ದಿನ ತಿನ್ನದೆ, ಅಲ್ಲಾಡದೆ, ತಲೆ ಎತ್ತಿಕೊಂಡು ಕೂರ್ತದೆ. ಅದಕ್ಕೆ ನಾವು ಜ್ವರ ಅನ್ನೋದು. ನಾಕನೇದು ದೊಡ್ಡ ಜ್ವರ. ಆಗ ಹುಳ ಕೂತಿರೋ ಸೊಪ್ಪಿನ ಹಾಸಿಗೆ ಒಸಿ ಒದ್ದೆ ಇದ್ರೂ ಅಷ್ಟೂ ಬೆಳೆ ಹೋಯ್ತು. ಆ ಜ್ವರಕ್ಕೆ ನಾನು ಊರಲ್ಲಿ ಇರಲ್ಲ.

ಸೋಲೂರಿನಿಂದ ನನ್ನ ತಂಗಿ ಮಗ ರಂಗಸ್ವಾಮಿ ಬಂದು ನೋಡಿಕೊಳ್ಳೋದು ಅಂತ ಮಾತಾಗಿತ್ತು. ಹೊರಡೋ ದಿನ ಬೆಳಿಗ್ಗೆ ಫೋನ್ ಬಂತು. ಅವನ ಅಪ್ಪನ ಅಣ್ಣ ತೀರಿಕೊಂಡಿದ್ದರು. ಹನ್ನೊಂದು ದಿನ ಸೂತಕ. ಅವನೇನೋ, "ಪರ್ವಾಗಿಲ್ಲ ದೊಡ್ಡಮ್ಮ, ಸ್ನಾನ ಮಾಡ್ಕಂಡು ಬತ್ತೀನಿ" ಅಂದ. "ನಿನ್ನ ಸ್ನಾನ ನಿನ್ನ ಮನೇಲಿಟ್ಕೊ" ಅಂದೆ. ಕಾನೂನು ಮಾಡಿದವಳು ನಾನೇ ಅಲ್ಲವಾ.

ಬಾಗಿಲಿಗೆ ಕಾರು ಬಂದು ನಿಂತಿತ್ತು. ಸವಿತಾ ನನ್ನ ಬ್ಯಾಗ್ ಹಿಡಿದುಕೊಂಡು ನಿಂತಿದ್ದಳು. ಬೇರೆ ಯಾರೂ ಇರಲಿಲ್ಲ. ಸೆರಗಿನ ಗಂಟು ಬಿಚ್ಚಿದೆ.

"ತಗೊ. ಏನನ್ನೂ ಮುಟ್ಟಬ್ಯಾಡ."

"ಮುಟ್ಟದಂಗೆ ಸೊಪ್ಪು ಹೆಂಗೆ ಹಾಕ್ಲಿ ಅತ್ತೆ?" ಅಂದಳು.

ಸರಿಯಾದ ಪ್ರಶ್ನೆಯೇ. ಕಾರು ಹತ್ತಿದೆ.

ವಿಮಾನ

ನನ್ನ ಜೊತೆಗೆ ಹಾಕಿದ್ದು ರಾಮನಗರದ ಫರೀದಾಳನ್ನ. ಗೂಡಿನಿಂದ ನೂಲು ತೆಗೆಯೋ ಮನೆಯವಳು. ಇಪ್ಪತ್ತು ವರ್ಷದಿಂದ ಮಾರ್ಕೆಟ್ಟಿನಲ್ಲಿ ನನ್ನ ಗೂಡು ಕಿವಿ ಹತ್ತಿರ ಅಲ್ಲಾಡಿಸಿ ನೋಡಿ, "ತಾಯಮ್ನೋರೇ, ಈ ಸಲ ಗೂಡು ತೆಳು" ಅನ್ನೋಳು ಅವಳೇ. ಮೊದಲನೇ ಸಲ ನಾವಿಬ್ಬರೂ ಒಂದೇ ಕಡೆ ಮುಖ ಮಾಡಿ ಕೂತಿದ್ದು ವಿಮಾನದಲ್ಲಿ.

ಅದಕ್ಕೆ ಮುಂಚೆ ಏರ್‌ಪೋರ್ಟಿನಲ್ಲಿ ನನ್ನ ಅಡಕತ್ತರಿ ಕಿತ್ತುಕೊಂಡರು. ಎಲೆಅಡಿಕೆ ಚೀಲದಲ್ಲಿತ್ತು. ನನ್ನ ಅತ್ತೆ ಕಾಲದ್ದು. ಆ ಹುಡುಗ ಅದನ್ನ ಎತ್ತಿ ಹಿಡಿದು, ಇದು ಆಯುಧ ಅಂದ. "ಅಡಿಕೆ ಬಿಟ್ಟು ಇನ್ನೇನೂ ಕತ್ತರಿಸಿಲ್ಲ ಕಣಪ್ಪ" ಅಂದೆ. ಅವನು ನಗಲಿಲ್ಲ. ಡಬ್ಬಕ್ಕೆ ಹಾಕಿದ.

"ಹೋಗ್ಲಿ ಬಿಡಿ, ಹನ್ನೆರಡು ದಿನ ಹಲ್ಲಿಗೆ ರಜ" ಅಂದಳು ಫರೀದಾ.

ವಿಮಾನದ ಬಗ್ಗೆ ಹೇಳೋಕೆ ಏನಿಲ್ಲ. ಕಿವಿ ಮುಚ್ಚಿಕೊಂಡವು, ಮೂಗು ಕಟ್ಟಿತು. ಆ ಕಟ್ಟಿದ ಮೂಗು ಒಂದು ವಾರ ಬಿಡಲಿಲ್ಲ. ಅದರಿಂದ ಏನಾಯಿತು ಅಂತ ಮುಂದೆ ಹೇಳ್ತೀನಿ.

ಹಾಲಿಮಾ ಮನೆ

ಮಾರ್ಗಿಲಾನ್ ಅನ್ನೋ ಊರಿನ ಪಕ್ಕದ ಹಳ್ಳಿ. ಮೊದಲು ಕಣ್ಣಿಗೆ ಬಿದ್ದದ್ದು ಏನಂದರೆ ಬಂಡೆ ಇಲ್ಲ. ನಮ್ಮ ಕಡೆ ಎತ್ತ ತಿರುಗಿದರೂ ಒಂದು ಬಂಡೆ ಬೆನ್ನು ತೋರಿಸಿಕೊಂಡು ಕೂತಿರ್ತದೆ. ಅಲ್ಲಿ ಹೊಲ ಅಂದರೆ ಚಾಪೆ ಹಾಸಿದಂಗೆ. ಕಣ್ಣಿಗೆ ಒರಗೋಕೆ ಜಾಗ ಇಲ್ಲ. ಎರಡನೇದು ಹಿಪ್ಪುನೇರಳೆ. ನಮ್ಮಲ್ಲಿ ಅದು ಸೊಂಟದೆತ್ತರದ ಗಿಡ. ಅಲ್ಲಿ ಕಾಲುವೆ ಪಕ್ಕ, ರಸ್ತೆ ಪಕ್ಕ ಹುಣಸೆ ಮರದ ದಪ್ಪಕ್ಕೆ ನಿಂತಿವೆ. ಕೊಡಲಿ ತಗೊಂಡು ಕೊಂಬೆಯನ್ನೇ ಕಡಿದು ತರ್ತಾರೆ.

ನಮ್ಮನ್ನ ಇರಿಸಿದ್ದು ಹಾಲಿಮಾ ಅನ್ನೋಳ ಮನೆಯಲ್ಲಿ. ನನ್ನ ವಯಸ್ಸಿನವಳೇ. ಮುಂದಿನ ನಾಲ್ಕು ಹಲ್ಲು ಚಿನ್ನದ್ದು. ನಕ್ಕರೆ ದೀಪ ಹಚ್ಚಿದಂಗೆ. ಗಂಡಸರು ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ಅವಳೂ ಅವಳ ಸೊಸೆ ಮದೀನಾಳೂ ಇಬ್ಬರೇ. ಮದೀನಾ ಹಿಂದಿ ಧಾರಾವಾಹಿ ನೋಡಿ ನೋಡಿ ಹಿಂದಿ ಕಲಿತಿದ್ದಳು. ಹಾಲಿಮಾ ಹೇಳೋಳು, ಮದೀನಾ ಅದನ್ನ ಹಿಂದಿಗೆ ತಿರುಗಿಸೋಳು, ಫರೀದಾ ಕನ್ನಡಕ್ಕೆ ತಿರುಗಿಸೋಳು. ನನ್ನ ಹತ್ತಿರ ಬರೋ ಹೊತ್ತಿಗೆ ಹಾಲಿಮಾ ನಕ್ಕು ಮುಗಿದಿರೋದು. ನಾನು ಒಬ್ಬಳೇ ಹಿಂದೆ ಉಳಿದು ನಗೋಳು.

ಟೀ ಕೊಟ್ಟರು. ಹಾಲಿಲ್ಲ. ಹಿತ್ತಲಲ್ಲಿ ಹಸು ಕಟ್ಟಿದ್ದಾರೆ, ಟೀಗೆ ಮಾತ್ರ ಹಾಲಿಲ್ಲ. ಅದೂ ಬಟ್ಟಲಿನ ತಳ ಮುಚ್ಚೋ ಅಷ್ಟು. ಎರಡು ಗುಟುಕಿಗೆ ಮುಗೀತು. ಮತ್ತೆ ಅಷ್ಟೇ ಹಾಕಿದಳು. "ಏನಮ್ಮ ಫರೀದಾ, ಇವಳು ಇಷ್ಟು ಜುಗ್ಗಿ" ಅಂದೆ. ಫರೀದಾ ಕೇಳಿ ಹೇಳಿದಳು. ಅಲ್ಲಿ ಕಡಿಮೆ ಹಾಕಿದರೆ ಮರ್ಯಾದೆ ಅಂತೆ, ಮತ್ತೆ ಮತ್ತೆ ಹಾಕಿಕೊಡಬಹುದು ಅಂತ. ತುಂಬ ಹಾಕಿಕೊಟ್ಟರೆ ಕುಡಿದು ಎದ್ದು ಹೋಗು ಅಂತ ಅರ್ಥವಂತೆ. ನಮ್ಮಲ್ಲಿ ಅರ್ಧ ಲೋಟ ಕೊಟ್ಟರೆ ಮೂರು ತಲೆಮಾರು ಮಾತಾಡ್ತೀವಿ.

ಬೆಳಿಗ್ಗೆ ಬೆಳಿಗ್ಗೆ ಮದೀನಾ ಅತ್ತೆ ಮುಂದೆ ಬಂದು ಎದೆ ಮೇಲೆ ಕೈಯಿಟ್ಟು ಬಗ್ಗುತ್ತಾಳೆ. ಅದು ಅಲ್ಲಿನ ಸೊಸೆಯರ ಪದ್ಧತಿ. ಸವಿತಾ ಹಂಗೆ ಬಗ್ಗಿದರೆ ಏನೋ ಬೀಳಿಸಿಕೊಂಡವಳೆ ಅಂತ ನಾನೂ ನೆಲ ಹುಡುಕ್ತಿದ್ದೆ.

ಆದರೆ ಹುಳದ ಹತ್ತಿರ ಈ ಬಗ್ಗೋದು ಗಿಗ್ಗೋದು ಇಲ್ಲ. ಅವರಿಗೆ ಹುಳುಮನೆ ಅಂತ ಬೇರೆ ಇಲ್ಲ. ಮನೆಯ ದೊಡ್ಡ ಕೋಣೆಯ ಜಮಖಾನೆ ಎತ್ತಿ ಅಲ್ಲೇ ಹುಳ ಸಾಕೋ ತಟ್ಟೆ ಜೋಡಿಸಿದ್ದಾರೆ. ಹುಳ ಒಳಗೆ, ಮನೆಯವರು ಜಗುಲಿಯಲ್ಲಿ. ಅತ್ತೆ ಸೊಸೆ ಇಬ್ಬರೂ ಒಂದೇ ತಟ್ಟೆಯ ಆಚೆ ಈಚೆ ಕೂತು ಸೊಪ್ಪು ಹಾಕ್ತಾರೆ. ನನ್ನನ್ನೂ ಹಾಲಿಮಾ ಕೈ ಹಿಡಿದು ಎಳೆದುಕೊಂಡು ಹೋದಳು. ಕಾಲು ತೊಳೆ ಅನ್ನಲಿಲ್ಲ, ತಲೆ ಮೂಸಿ ನೋಡಲಿಲ್ಲ. ಇವಳ ಬೆಳೆ ಹೆಂಗೆ ನಿಲ್ತದೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಹುಳ ನೋಡಿದೆ. ಗಟ್ಟಿಮುಟ್ಟಾಗಿದ್ದವು. ಅದು ನನಗೆ ಸೇರಲಿಲ್ಲ. ಇನ್ನೊಂದು ಅಂದರೆ, ನಮ್ಮ ಹುಳಕ್ಕೂ ಅವಳ ಹುಳಕ್ಕೂ ಒಂದೇ ವಯಸ್ಸು. ಅಲ್ಲಿ ನಾಕನೇ ಜ್ವರಕ್ಕೆ ಕೂರೋ ದಿನವೇ ಕಲ್ಯದಲ್ಲೂ ಕೂರ್ತವೆ.

ಫರೀದಾ ಫೋನಿನಿಂದ ಸವಿತಾಗೆ ವಿಡಿಯೋ ಕಾಲ್ ಮಾಡಿಸಿದೆ.

"ಹುಳ ತೋರ್ಸು."

"ಇಲ್ಲ ಅತ್ತೆ. ಫೋನ್ ಒಳಗೆ ತಗೊಂಡ್ ಹೋಗಲ್ಲ. ದೃಷ್ಟಿ ಆಯ್ತದೆ. ನೀವೇ ಹೇಳಿರೋದು."

"ನನ್ನ ಕಣ್ಣು ದೃಷ್ಟಿನೇನೇ?"

"ನೀವು ಯಾರ್ಯಾರು ಅಂತ ಬಿಡ್ಸಿ ಹೇಳಿರ್ಲಿಲ್ವಲ್ಲ" ಅಂದಳು. ಪಕ್ಕದಲ್ಲಿ ಫರೀದಾ ಮುಖ ಆ ಕಡೆ ತಿರುಗಿಸಿಕೊಂಡು ನಗ್ತಾ ಇದ್ದಳು.

ಬಿಳಿ ಪುಡಿ

ನಾಕನೇ ದಿನ ಮಳೆ ಹಿಡಿಯಿತು. ಐದನೇ ದಿನ ಬೆಳಿಗ್ಗೆ ಎದ್ದಾಗ ಬೆಳಕು ಹರಿದಿತ್ತು. ಮಳೆ ನಿಂತಿತ್ತು. ಹಾಲಿಮಾಳೂ ಮದೀನಾಳೂ ಕೊಂಬೆ ಕಡಿಯೋಕೆ ಕಾಲುವೆ ಕಡೆ ಹೋಗಿದ್ದರು. ಫರೀದಾ ಮುಖ ತೊಳೀತಿದ್ದಳು. ನಾನು ಹುಳದ ಕೋಣೆಗೆ ಹೋದೆ. ಯಾರೂ ಕರೀಲಿಲ್ಲ, ನಾನೇ ಹೋದೆ.

ಹುಳ ಜ್ವರಕ್ಕೆ ಕೂತಿದ್ದವು. ಹಾಸಿಗೆ ಮುಟ್ಟಿ ನೋಡಿದರೆ ತಣ್ಣಗೆ, ಒದ್ದೆ. ನಮ್ಮಲ್ಲಿ ಹಿಂಗಿದ್ದರೆ ಮೊದಲ ಕೆಲಸ ಸುಣ್ಣದ ಪುಡಿ ಉದುರಿಸೋದು. ಸುಣ್ಣ ಒದ್ದೆ ಎಳೆದುಕೊಳ್ತದೆ. ಇವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಅಂತ ಸುತ್ತ ನೋಡಿದೆ. ಬಾಗಿಲ ಪಕ್ಕದಲ್ಲೇ ಬಿಳಿ ಪುಡಿಯ ಮೂಟೆ. ಹುಳುಮನೆ ಬಾಗಿಲಲ್ಲಿ ಬಿಳಿ ಪುಡಿ ಇದ್ದರೆ ಅದು ಸುಣ್ಣವೇ. ನಲವತ್ತು ವರ್ಷದಿಂದ ಹಂಗೇ. ಮೂಸಿ ನೋಡೋಕೆ ಮೂಗು ಕಟ್ಟಿತ್ತು. ಮೂಸೋ ಯೋಚನೆಯೂ ಬರಲಿಲ್ಲ ಅನ್ನಿ. ಚೀಲದಿಂದ ಹಳೇ ಸೀರೆ ತುಂಡು ತೆಗೆದು, ಅದಕ್ಕೆ ಪುಡಿ ತುಂಬಿ ಗಂಟು ಕಟ್ಟಿ, ಒಂದೊಂದೇ ತಟ್ಟೆ ಮೇಲೆ ಉದುರಿಸ್ತಾ ಹೋದೆ. ಎರಡು ಸಾಲು ಮುಗಿಸಿದೆ. ಮಂಜು ಬಿದ್ದಂಗೆ ಸಮವಾಗಿ. ಬಂದು ನೋಡಲಿ, ಕಲೀಲಿ ಅಂತ ಸೊಂಟಕ್ಕೆ ಕೈಯಿಟ್ಟು ನಿಂತೆ.

ಕೊಂಬೆಯ ಹೊರೆ ಹೊತ್ತು ಮೊದಲು ಬಂದವಳು ಮದೀನಾ. ಬಾಗಿಲಲ್ಲೇ ಹೊರೆ ಬಿಟ್ಟಳು. ಏನೋ ಕೂಗಿದಳು. ಹಾಲಿಮಾ ಬಂದಳು. ಫರೀದಾಳೂ ಓಡಿ ಬಂದಳು. ಹಾಲಿಮಾ ಮೂಟೆಯಿಂದ ಚಿಟಿಕೆ ತೆಗೆದು ನನ್ನ ಅಂಗೈಗೆ ಹಾಕಿ, ತನ್ನ ನಾಲಿಗೆ ತೋರಿಸಿದಳು. ನೆಕ್ಕಿದೆ.

"ರೊಟ್ಟಿ ಹಿಟ್ಟು ಕಣಮ್ಮಾ!" ಅಂದಳು ಫರೀದಾ. "ಅಡಿಗೆಮನೆ ಸೋರ್ತಿತ್ತಂತೆ, ತಂದು ಇಲ್ಲಿಟ್ಟಿದ್ರಂತೆ."

ಹಿಟ್ಟು. ಒದ್ದೆ ಹಾಸಿಗೆ ಮೇಲೆ, ಜ್ವರದಲ್ಲಿರೋ ಹುಳದ ಮೇಲೆ. ಒಂದು ಗಂಟೆ ಬಿಟ್ಟರೆ ಅಂಟು. ಸಂಜೆಗೆ ಬೂಷ್ಟು. ಜ್ವರದ ಹುಳವನ್ನ ಎತ್ತಿ ಬೇರೆ ಕಡೆ ಹಾಕೋಕೂ ಆಗಲ್ಲ. ಆ ಮನೆಗೆ ವರ್ಷಕ್ಕೆ ಅದೊಂದೇ ಬೆಳೆ. ನಮ್ಮಂಗೆ ತಿಂಗಳು ಬಿಟ್ಟು ಇನ್ನೊಂದು ಅನ್ನೋ ಹಂಗಿಲ್ಲ. ಅದು ನನಗೆ ಗೊತ್ತಿತ್ತು.

ನಾನು ಬೈಗುಳಕ್ಕೆ ಕಾದೆ. ನನ್ನ ಮನೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಪಕ್ಕದ ಬೀದಿಗೆ ಕೇಳಿಸ್ತಿತ್ತು. ಹಾಲಿಮಾ ಮುಖ ಕೆಂಪಾಗಿತ್ತು. ಕೋಪ ಬರಲಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಬಂದಿತ್ತು. ಅವಳು ನೆಲಕ್ಕೆ ಚೆಲ್ಲಿದ್ದ ಹಿಟ್ಟನ್ನ ಮೊದಲು ಕೈಯಲ್ಲಿ ಬಳಿದು, ಬೆರಳಿಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡಳು. ನಾವು ಚೆಲ್ಲಿದ ಅಕ್ಕಿ ಕಣ್ಣಿಗೊತ್ತಿಕೊಳ್ಳೋ ಹಂಗೇ. ಆಮೇಲೆ ಹಿತ್ತಲಿಗೆ ಹೋಗಿ ಬಾತುಕೋಳಿಯ ಗರಿ ಒಂದು ಹಿಡಿ ತಂದಳು. ನಾಲ್ಕು ಜನಕ್ಕೂ ಒಂದೊಂದು ಕೊಟ್ಟಳು.

ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಕೂತೆವು. ಒಂದೊಂದು ಹುಳದ ಬೆನ್ನ ಮೇಲಿನ ಹಿಟ್ಟು ಗರಿಯ ತುದಿಯಲ್ಲಿ ಸವರಿ ತೆಗೆಯೋದು. ಹುಳ ಅಲ್ಲಾಡಬಾರದು. ನನ್ನ ಬೆನ್ನು ಬಿದ್ದುಹೋಯಿತು. ಮದೀನಾ ನನ್ನ ಎದುರಿಗೆ ಕೂತಿದ್ದಳು. ಮಧ್ಯೆ ಒಂದು ಸಲ ಏನೋ ಅಂದಳು. ಫರೀದಾ ಹೇಳಿದಳು, "ಹುಳಕ್ಕೆ ಉಪ್ಪು ಹಾಕೋದ್ ಮರ್ತ್ಬುಟ್ರಾ ಅಂತ ಕೇಳ್ತಾವ್ಳೆ." ಹಾಲಿಮಾಳ ಚಿನ್ನದ ಹಲ್ಲು ಆವಾಗ ಕಂಡಿತು. ನಾನು ನಗಲಿಲ್ಲ. ನಗೋ ಹಕ್ಕು ನನಗೆ ಆವಾಗ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಒಣ ಹುಲ್ಲು ಕತ್ತರಿಸಿ ಉದುರಿಸಿದರು. ಆಮೇಲೆ ಹಾಲಿಮಾ ಕೇಳಿಸಿದಳು, ನಿಮ್ಮಲ್ಲಿ ಏನು ಹಾಕ್ತೀರಿ ಅಂತ. ಸುಣ್ಣ ಅಂದೆ. ಮದೀನಾಳನ್ನ ಪಕ್ಕದ ಮನೆಗೆ ಕಳಿಸಿ, ಗೋಡೆಗೆ ಬಳಿಯೋ ಅರಳಿದ ಸುಣ್ಣದ ಪುಡಿ ತರಿಸಿದಳು. ಜರಡಿ ಹಿಡಿದಳು. ನನ್ನ ಸೀರೆ ತುಂಡು ಕೊಡವಿ, ಸುಣ್ಣ ತುಂಬಿ, ಗಂಟು ಕಟ್ಟಿ ನನ್ನ ಕೈಗೇ ಕೊಟ್ಟಳು.

"ನೀವೇ ಹಾಕ್ಬೇಕಂತೆ" ಅಂದಳು ಫರೀದಾ.

"ನಂಗ್ ಬ್ಯಾಡ. ಅವಳೇ ಹಾಕ್ಲಿ."

"ಅವಳಿಗೆ ಬರಲ್ವಂತೆ. ನಿಮಗೆ ಬರ್ತದಂತೆ. ಬೆಳಿಗ್ಗೆ ನೋಡಿದ್ಲಂತೆ, ಸಮವಾಗಿ ಬಿದ್ದಿತ್ತಂತೆ."

ಗಂಟಿನ ಮೂಲೆಯಿಂದ ಒಂದಿಷ್ಟು ನಾಲಿಗೆಗೆ ಹಚ್ಚಿ ನೋಡಿದೆ. ಸುಟ್ಟಿತು. ಸುಣ್ಣವೇ. ಹಾಕಿದೆ. ಈ ಸಲವೂ ಸಮವಾಗಿಯೇ ಬಿತ್ತು.

ಮಾರನೇ ದಿನ ಹುಳ ಎದ್ದವು. ಎಲ್ಲ ಅಲ್ಲ. ಎರಡು ಬೊಗಸೆಯಷ್ಟು ಏಳಲಿಲ್ಲ. ಹಾಲಿಮಾ ಅದನ್ನ ನನ್ನಿಂದ ಮುಚ್ಚಿಡಲಿಲ್ಲ. ನನಗೆ ತೋರಿಸಿಯೇ ಕೋಳಿಗೆ ಹಾಕಿದಳು. ಆಮೇಲೆ ಟೀ ಹಾಕಿಕೊಟ್ಟಳು. ಬಟ್ಟಲಿನ ತಳ ಮುಚ್ಚೋ ಅಷ್ಟು. ನೋಡಿ ಜೀವ ಬಂತು.

ಫೋನು

ಅವತ್ತು ಮಧ್ಯಾಹ್ನ ಜಗುಲಿಯಲ್ಲಿ ಕೂತು ಸವಿತಾಗೆ ಫೋನ್ ಮಾಡಿದೆ. ಹುಳ ಎದ್ದವಾ ಅಂತ ಕೇಳೋಕೆ ಬಾಯಿ ತೆಗೆದವಳು ಬೇರೆಯೇ ಹೇಳಿದೆ.

"ಇವರ ಹುಳದ ಮೇಲೆ ರೊಟ್ಟಿ ಹಿಟ್ಟು ಉದುರಿಸಿಬುಟ್ಟೆ ಕಣವ್ವ. ಸುಣ್ಣ ಅನ್ಕಂಡು."

ಆ ಕಡೆ ಅವಳು ಉಸಿರು ಹಿಡಿದು ನಗ್ತಾ ಇದ್ದಾಳೆ.

"ನಗು, ನಗು" ಅಂದೆ. ಅವಳು ನಕ್ಕು ಮುಗಿಯೋ ತನಕ ಕಾದೆ. "ಅವತ್ತು ಸೊಳ್ಳೆಬತ್ತಿ ಯಾಕೆ ಹಚ್ಚಿದ್ದೆ?"

ಏಳು ವರ್ಷದಲ್ಲಿ ಇದನ್ನ ನಾನು ಕೇಳಿರಲಿಲ್ಲ. ಬೈದಿದ್ದೆ, ಕೇಳಿರಲಿಲ್ಲ.

"ನೀವು ಅಲ್ಲೇ ಚಾಪೆ ಹಾಕ್ಕಂಡು ಮಲ್ಗಿದ್ರಲ್ಲ ಅತ್ತೆ" ಅಂದಳು. "ಸೊಳ್ಳೆ ಮುತ್ಕಂಡಿತ್ತು ನಿಮ್ಮ ಮುಖಕ್ಕೆ. ನಿದ್ದೆಲೇ ಹೊಡ್ಕೊತಿದ್ರಿ. ಹುಳಕ್ಕೆ ಆಗಲ್ಲ ಅಂತ ನಂಗ್ಯಾರೂ ಹೇಳಿರ್ಲಿಲ್ಲ."

ಹೌದು. ನಾನು ಹೇಳಿರಲಿಲ್ಲ. ಬೇರೆ ಯಾರು ಹೇಳ್ತಾರೆ?

"ಊಟ ಮಾಡ್ದೇನು?" ಅಂದೆ. "ಮಾಡ್ದೆ" ಅಂದಳು. ಫೋನ್ ಇಟ್ಟೆ. ಹುಳದ ವಿಚಾರ ಕೇಳಲೇ ಇಲ್ಲ ಅಂತ ಸಂಜೆ ನೆನಪಾಯಿತು. ಮತ್ತೆ ಮಾಡೋಣ ಅಂತ ಫರೀದಾ ಫೋನ್ ನೀಡಿದಳು. ಬೇಡ ಅಂದೆ. ಉಳಿದ ದಿನ ದಿನಕ್ಕೆ ಹತ್ತು ಸಲ ಕೈ ತುರಿಸಿತು. ಮಾಡಲಿಲ್ಲ. ಈ ಪ್ರವಾಸದಲ್ಲಿ ನನಗೆ ಕಷ್ಟವಾಗಿದ್ದು ಅದೊಂದೇ. ವಿಮಾನ ಹತ್ತೋದು ಏನೂ ಅಲ್ಲ, ಕೂತರೆ ಅದೇ ಹೋಗ್ತದೆ.

ವಾಪಸ್

ಹೊರಡೋ ದಿನ ಹಾಲಿಮಾ ಟೀ ಹಾಕಿದಳು. ನಾನು ಬಟ್ಟಲು ನೋಡಿದೆ, ಅವಳು ನನ್ನ ಮುಖ ನೋಡಿದಳು. ಬೇಕು ಅಂತಲೇ ಅಂಚಿನ ತನಕ ತುಂಬಿಸಿದಳು. ನಾಲ್ಕು ಜನವೂ ನಕ್ಕೆವು. ಆ ಸಲ ನಾನು ಹಿಂದೆ ಉಳಿಯಲಿಲ್ಲ.

ಆಮೇಲೆ ಗರಿಗಳ ಕಟ್ಟೊಂದನ್ನ ನನ್ನ ಬ್ಯಾಗಿಗೆ ತುರುಕಿದಳು. ಏರ್‌ಪೋರ್ಟಿನಲ್ಲಿ ಇದನ್ನೂ ಆಯುಧ ಅಂತಾರೇನೋ ಅಂದೆ. ಅನ್ನಲಿಲ್ಲ.

ದಾರಿಯಲ್ಲಿ ಫರೀದಾ, "ತಾಯಮ್ನೋರೇ, ಭೂಮಿ ಮೇಲೆ ನಿಮ್ಮಂಗೆ ಹುಳ ಸಾಕೋರು ಸಿಕ್ಕಿದ್ರಾ?" ಅಂತ ಕೇಳಿದಳು. "ಹೂಂ" ಅಂದೆ. "ಈ ಸಲ ನನ್ನ ಗೂಡು ತೆಳು ಅಂದ್ರೆ ನಿನ್ನ ಹಲ್ಲು ಉದುರಿಸ್ತೀನಿ" ಅಂತಲೂ ಅಂದೆ.

ಕಲ್ಯ ಮುಟ್ಟಿದಾಗ ಕತ್ತಲಾಗಿತ್ತು. ಸವಿತಾ ಬಿಸಿ ಮುದ್ದೆ ಸೊಪ್ಪಿನ ಸಾರು ಬಡಿಸಿದಳು. ಹುಳ ಹೆಂಗಿವೆ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬೀಗದ ಕೈ ಅವಳ ಸೆರಗಿನ ತುದಿಯಲ್ಲಿತ್ತು. ತಿಂದು ಮಲಗಿದೆ.

ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದೆ. ಹುಳುಮನೆ ಬಾಗಿಲು ತೆರೆದಿತ್ತು. ಒಳಗೆ ಸವಿತಾ ಹಣ್ಣಾದ ಹುಳ ಆರಿಸ್ತಾ ಇದ್ದಳು. ಗೂಡು ಕಟ್ಟೋ ಹುಳ ಮೈ ತಿಳಿಯಾಗಿ ಬಂಗಾರದ ಬಣ್ಣಕ್ಕೆ ಬರ್ತದೆ, ಅದಕ್ಕೆ ಹಣ್ಣು ಅಂತೀವಿ. ಆರಿಸಿ ಆರಿಸಿ ಗೂಡು ಕಟ್ಟೋಕೆ ಅಂತ ಹೆಣೆದ ಬಿದಿರಿನ ಚಂದ್ರಿಕೆ ಮೇಲೆ ಬಿಡ್ತಾ ಇದ್ದಳು. ಬಾಗಿಲಿಂದಲೇ ನೋಡಿದೆ. ಚೆನ್ನಾಗಿವೆ ಅನ್ನಬಾರದು, ಅನ್ನಲಿಲ್ಲ. ಹೊಸ್ತಿಲ ಹತ್ತಿರ ಕಾಲು ಎತ್ತಿದೆ.

"ಅತ್ತೆ" ಅಂದಳು, ತಲೆ ಎತ್ತದೆ. "ವಿಮಾನದ ಸೀರೆಲೇ ಬರ್ಬ್ಯಾಡಿ."

ನಾನು ಮೈ ತೊಳೆದಿರಲಿಲ್ಲ. ತಲೆಗೆ ಫರೀದಾ ಕೊಟ್ಟ ಎಣ್ಣೆ ಬೇರೆ. ಕಾಲು ಹಿಂದಕ್ಕೆ ತೆಗೆದೆ. ಮನೆಗೆ ಹೋಗಿ ತಲೆಗೆ ಸೀಗೆಪುಡಿ ಹಾಕಿ ಉಜ್ಜಿ ಸ್ನಾನ ಮಾಡಿದೆ. ಒಗೆದ ಸೀರೆ ಉಟ್ಟೆ. ವಾಪಸ್ ಬಂದು ಕೈ ಕಾಲು ತೊಳೆದು ಹೊರಗೇ ನಿಂತೆ.

"ಈಗ ಬರ್ಲಾ?"

"ಬನ್ನಿ."

"ಎಲ್ಲಿಂದ ಶುರು ಮಾಡ್ಲಿ?"

"ಆ ಬಾಗ್ಲು ಕಡೆ ತಟ್ಟೆಯಿಂದ. ಒಳಗಿನ ಸಾಲು ನಾನ್ ನೋಡ್ಕೊತೀನಿ."

ಬಾಗಿಲು ಕಡೆ ತಟ್ಟೆಯಿಂದ ಶುರು ಮಾಡಿದೆ.